ಜಗುಲಿಯ ಮೇಲಿನ ಮೌಸ್

ನೌಕರಿಯ ಅರ್ಜಿ ಹಾಕುವ ಗಡುವು ಇನ್ನೇನು ಮುಗಿಯಲಿತ್ತು. ಕಾವ್ಯಾ ಲ್ಯಾಪ್‌ಟಾಪಿನ ಟಚ್‌ಪ್ಯಾಡನ್ನು ತಿಕ್ಕೇ ತಿಕ್ಕಿದಳು. ಪರದೆಯ ಬಾಣ ಜಪ್ಪಯ್ಯ ಎಂದರೂ ಕದಲಲಿಲ್ಲ. ಲ್ಯಾಪ್‌ಟಾಪನ್ನು ಮುಚ್ಚಿ ತೆರೆದಳು. ಆಯುಧಪೂಜೆಗೆಂದು ಅವ್ವ ಮಹಾಂತಮ್ಮ ಅದಕ್ಕೆ ಬಳಿದಿದ್ದ ವಿಭೂತಿಯನ್ನೂ ಒರೆಸಿದಳು. ಊಹೂಂ.

“ನನ್ನ ಸಾಮಾನು ಮುಟ್ಟಬ್ಯಾಡಂತ ಎಷ್ಟು ಸಲ ಹೇಳ್ಲಿ ನಿನಗ? ಎಲ್ಲಾ ಹಾಳ್ ಮಾಡಿಟ್ಟಿ!”

ಮಹಾಂತಮ್ಮ ದೇವರ ಜಗುಲಿಯ ಮೇಲೆ ಪೂಜೆಗಿಟ್ಟಿದ್ದ, ವೈರ್ ಇಲ್ಲದ ಮೌಸನ್ನು ಎತ್ತಿಕೊಂಡು ಸೆರಗಿನಿಂದ ಒರೆಸತೊಡಗಿದಳು. ಇತ್ತ ಪರದೆಯ ಮೇಲೆ ಬಾಣ ಸರಸರನೆ ಹರಿದಾಡಿತು.

ಕಾವ್ಯಾ ಟಚ್‌ಪ್ಯಾಡಿನಿಂದ ಬೆರಳು ತೆಗೆದಳು. ಮೌಸ್ ಚಾಲೂ ಇದ್ದಾಗ ಟಚ್‌ಪ್ಯಾಡ್ ಬಂದ್ ಆಗಿರಲೆಂದು ಸೆಟ್ಟಿಂಗ್ ಬದಲಿಸಿದವಳು ಅವಳೇ. ಅಷ್ಟರಲ್ಲಿ ಬಾಣ, ತುಂಬಿಟ್ಟಿದ್ದ ಅರ್ಜಿಯ ‘ಸಲ್ಲಿಸು’ ಎಂಬುದರ ಮೇಲೆ ಬಂದು ನಿಂತಿತ್ತು.

“ಯವ್ವಾ, ಅಲ್ಲಾಡಿಸಬ್ಯಾಡ! ಎಡಗಡಿ ಗುಂಡಿ ಒತ್ತು, ಲಗೂನ!”

ಮಹಾಂತಮ್ಮ ಬೆರಳೆತ್ತಿ ಹಿಡಿದು ಮಗಳತ್ತ ನೋಡಿದಳು.

“ಮುಟ್ಲೇನು?”