ಸಿಮೆಂಟ್ ಕುದುರೆ

ಚೆನ್ನೈಯ ಬೆಸೆಂಟ್ ನಗರದ ಹೊಸ ಹೋಟೆಲಿನ ಗೋಡೆ ತುಂಬ ನಮಿತಾಳೇ ಇದ್ದಳು. ಆರು ಫೋಟೋ. ಆರರಲ್ಲೂ ಅದೇ ಸಿಮೆಂಟ್ ಕುದುರೆ, ಅದೇ ಅಗಲ ಅಂಚಿನ ಟೋಪಿ, ಸೀರೆಯ ಮೇಲೊಂದು ತೊಗಲಿನ ಜಾಕೀಟು, ಕೈಯಲ್ಲಿ ಮರದ ಪಿಸ್ತೂಲು. ಮೂವತ್ತು ವರ್ಷದ ಹಿಂದೆ ಮಹಾಬಲಿಪುರದ ರಸ್ತೆಯಲ್ಲೊಂದು ಕೌಬಾಯ್ ಪಾರ್ಕ್ ಇತ್ತು. ಹಲಗೆಯ ಜೈಲು, ಬೇಕೆಂದೇ ಧೂಳೆಬ್ಬಿಸುವ ಬೀದಿ, ಇಂಗ್ಲಿಷ್ ಸಿನಿಮಾದ ಹೆಂಡದಂಗಡಿಯಂಥ ಒಂದು ಕ್ಯಾಂಟೀನು. ಅಲ್ಲಿ ಇಡ್ಲಿ, ಗೋಳಿಬಜೆ ಮಾರುತ್ತಿದ್ದವರು ನಮಿತಾಳ ಗಂಡನ ಮನೆಯವರೇ. ಪಾರ್ಕ್ ಮುಚ್ಚಿ ಎಷ್ಟೋ ಕಾಲವಾಯಿತು. ಮಗ ದಿನೇಶ್ ಅಲ್ಲಿದ್ದ ಫೋಟೋಗ್ರಾಫರನನ್ನು ಹುಡುಕಿ, ನೆಗೆಟಿವ್ ತಂದು, ಆಳೆತ್ತರಕ್ಕೆ ದೊಡ್ಡದು ಮಾಡಿಸಿದ್ದ.

ಉದ್ಘಾಟನೆಗೆ ಬಂದ ನೆಂಟರನ್ನೆಲ್ಲ ಗಂಡ ಜಯಪ್ರಕಾಶ್ ಆ ಗೋಡೆಯ ಮುಂದೆ ನಿಲ್ಲಿಸುತ್ತಿದ್ದರು.

"ಇವಳಿಗೆ ಆಗ ಕುದುರೆಯ ಮರ್ಲು ಮಾರಾಯ್ರೆ! ನಾವು ಒಳಗೆ ಬೆವರು ಸುರಿಸುವಾಗ ಮಹಾರಾಣಿ ಹೊರಗೆ ಪಿಸ್ತೂಲು ಹಿಡಿದು ಕೂತದ್ದು."

ನೆಂಟರು ನಕ್ಕರು. ನಮಿತಾ ನಗಲಿಲ್ಲ. ಅವು ಯಾವ ದಿನಗಳೆಂದು ಅವಳಿಗೆ ಗೊತ್ತಿತ್ತು. ತಿಂಗಳಿಗೆ ಮೂರು ದಿನ ಅತ್ತೆ ಪ್ರೇಮಮ್ಮ ಅವಳನ್ನು ಕ್ಯಾಂಟೀನಿನ ಒಳಗೆ ಸೇರಿಸುತ್ತಿರಲಿಲ್ಲ. "ಸುಮ್ಮನೆ ಕೂರುವ ಬದಲು ಅಲ್ಲಿ ಕೂರಲಿ, ನಾಲ್ಕು ಗಿರಾಕಿಯಾದ್ರೂ ಬರ್ತಾರೆ" ಎಂದು ಟೋಪಿ ತೊಡಿಸಿದವರು ಇದೇ ಜಯಪ್ರಕಾಶ್. ಬಿಸಿಲಿಗೆ ಕಾದ ಸಿಮೆಂಟು, ಕಿಬ್ಬೊಟ್ಟೆಯ ನೋವು, ಇಳಿದರೆ ಸೀರೆಯ ಕಲೆ ಕಂಡೀತೆಂಬ ಹೆದರಿಕೆ. ಊಟದ ಎಲೆಯನ್ನು ಕುದುರೆಯ ಕಾಲ ಬಳಿ ಇಟ್ಟು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಬೆಳಗಾಗುವ ಮೊದಲೇ ಹಿಟ್ಟು ರುಬ್ಬುತ್ತಿದ್ದವಳ ಫೋಟೋ ಯಾರೂ ತೆಗೆದಿರಲಿಲ್ಲ.

ಹೊಸ ಒಲೆಯಲ್ಲಿ ಹಾಲು ಉಕ್ಕಿಸುವ ಹೊತ್ತಾಯಿತು. ಸೊಸೆ ಪಾವನಾ ಉಕ್ಕಿಸುವುದೆಂದು ಮೊದಲೇ ನಿಶ್ಚಯವಾಗಿತ್ತು. ಬ್ಯಾಂಕಿನ ಕೆಲಸ ಬಿಟ್ಟು ಈ ಹೋಟೆಲನ್ನು ಎಬ್ಬಿಸಿ ನಿಲ್ಲಿಸಿದವಳು ಅವಳು. ಎಲ್ಲಿ ಹೋದಳು? ನಮಿತಾ ಬಾಗಿಲಿಗೆ ಬಂದಳು.

ಹೊರಗೊಂದು ಫೈಬರ್ ಕುದುರೆ. ಅದರ ಪಕ್ಕ ಪಾವನಾ, ತಲೆಯ ಮೇಲೆ ಅಗಲ ಟೋಪಿ, ಬಂದವರ ಸೆಲ್ಫಿಗೆ ಮುಖ ಕೊಡುತ್ತಿದ್ದಳು. ತುಟಿಯಲ್ಲಿ ನಗು, ಒಂದು ಕೈ ಹೊಟ್ಟೆಯ ಮೇಲೆ.

"ಇಲ್ಲೆಂತ ಮಾಡ್ತಿದ್ದಿ?"

"ಬೆಳಿಗ್ಗೆ ಪೀರಿಯಡ್ಸ್ ಆಗ್ಬಿಡ್ತು ಅತ್ತೆ. ದಿನೇಶ್‌ಗೆ ಹೇಳ್ದೆ, ಅವ್ರು ಮಾವಂಗೆ ಹೇಳಿದ್ರು. ಒಳಗೆ ಬರೋದು ಬೇಡ, ಇಲ್ಲೇ ಜಾಲಿಯಾಗಿ ಫೋಟೋಗೆ ನಿಂತ್ಕೊ ಅಂದ್ರು."

ಜಯಪ್ರಕಾಶ್ ಹಿಂದೆಯೇ ಬಂದರು. "ಗಲಾಟೆ ಬೇಡ ನಮಿತಾ. ಅಡುಗೆ ಭಟ್ರಿಗೆ ಗೊತ್ತಾದ್ರೆ ಕೆಲಸ ಬಿಟ್ಟು ಹೋಗ್ತಾರೆ. ಹಾಲು ನೀನೇ ಉಕ್ಕಿಸು. ಅವಳಿಗೆ ಎಂತ ಕಷ್ಟ ಉಂಟು? ನಿನ್ನ ಹಾಗೇ ನಗ್ತಾ ನಿಂತಿದ್ದಾಳೆ."

ನಿನ್ನ ಹಾಗೇ. ನಮಿತಾಳ ಕಿವಿ ಬಿಸಿಯಾಯಿತು.

"ಆ ಗೋಡೆಯಲ್ಲಿ ನೀವು ನೇತು ಹಾಕಿದ್ದು ಎಂತ ಗೊತ್ತುಂಟಾ? ಕುದುರೆಯ ಮರ್ಲು ಅಲ್ಲ. ನನ್ನ ಹೊಟ್ಟೆನೋವು. ಒಳಗೆ ಸೇರಿಸ್ಲಿಕ್ಕಿಲ್ಲ ಅಂತ ಬಿಸಿಲಿಗೆ ಹಾಕಿದ್ರಲ್ಲ, ಆ ದಿನಗಳದ್ದು. ಒಂದಲ್ಲ, ಆರೂ!"

ಒಳಗಿದ್ದ ನೆಂಟರು ಇತ್ತ ತಿರುಗಿದರು. ದಿನೇಶ್ ಓಡಿ ಬಂದ. "ಅಮ್ಮಾ ಪ್ಲೀಸ್, ಎಲ್ಲಾರುಂ ಪಾಕ್ಕುರಾಂಗ."

"ಎಲ್ಲರೂ ನೋಡಲಿ. ನೋಡ್ಲಿಕ್ಕೇ ಅಲ್ವಾ ನೀನು ಇಷ್ಟು ದೊಡ್ಡದು ಮಾಡಿಸಿದ್ದು?"

ಪಾವನಾಳ ತಲೆಯಿಂದ ಟೋಪಿ ಕಿತ್ತು ಗಂಡನ ತಲೆಗೆ ಒತ್ತಿದಳು. "ಸುಮ್ಮನೆ ನಿಲ್ಲುವ ಬದಲು ಇಲ್ಲಿ ನಿಲ್ಲಿ. ನಾಲ್ಕು ಗಿರಾಕಿಯಾದ್ರೂ ಬರ್ತಾರೆ."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು.

ಸೊಸೆಯ ಕೈ ಹಿಡಿದು ನಮಿತಾ ಆ ಆರು ಫೋಟೋಗಳ ಮುಂದಿನಿಂದಲೇ ಅಡುಗೆಮನೆಗೆ ನಡೆದಳು. ಭಟ್ಟರು ಸೌಟು ಹಿಡಿದು ಗೋಡೆಗೆ ಸರಿದರು.

"ಹೋಗುವುದಾದ್ರೆ ಹಾಲು ಉಕ್ಕಿದ ಮೇಲೆ ಹೋಗಿ ಭಟ್ರೆ. ಕಾಫಿ ಕುಡಿದು."

"ಅತ್ತೆ, ನಿಜವಾಗ್ಲೂ?" ಪಾವನಾ ಲೈಟರ್ ಎತ್ತಿಕೊಂಡಳು.

"ಹಚ್ಚು."

ಒಲೆ ಹತ್ತಿತು. ನಮಿತಾ ಕಾಲಿನಿಂದಲೇ ಒಂದು ಸ್ಟೂಲು ಎಳೆದು ಸೊಸೆಯ ಹಿಂದಿಟ್ಟು, ಅವಳನ್ನು ಕೂರಿಸಿದಳು. ಕುದುರೆಯ ಮೇಲೆ ಕೂತಷ್ಟೂ ದಿನ ತನ್ನನ್ನು ಯಾರೂ ಕೇಳದ ಮಾತನ್ನು ಆಮೇಲೆ ಕೇಳಿದಳು.

"ತುಂಬ ನೋವುಂಟಾ?"