ಹಡ್ಲು ಉಳಿದರೆ ಬಾವಿ ಉಳಿದೀತು

"ಏಳನೇ ಕ್ಲಾಸು ದಾಟದವನು ಲೇಔಟ್ ಪ್ಲಾನು ಹೇಳ್ತಾನೆ. ಹೋಗಿ ಸ್ಪಾನರ್ ಹಿಡ್ಕೋ ಮಾರಾಯ" ಎಂದರು ನಮ್ಮ ಬೀದಿಯ ಹಿರಿಯ ಏಕಾಂತಪ್ಪನವರು. ಬೀದಿಯವರೆಲ್ಲ ನಕ್ಕರು. ಗ್ಯಾರೇಜಿನಲ್ಲಿ ದುಡಿಯುವ ನನಗೆ ಮೈ ಉರಿಯಿತು.

ಮೂಡಿಗೆರೆ ಪೇಟೆಯ ಅಂಚಿನಲ್ಲಿ, ನಮ್ಮ ಬೀದಿಯ ಮೇಲ್ಗಡೆ ದಯಾನಂದ ಅವರ ಹಳೇ ಕಾಫಿ ತೋಟವಿದೆ. ಅದನ್ನು ಸೈಟು ಮಾಡುವವರಿದ್ದರು. ಲೇಔಟ್ ಅಂದ ಮೇಲೆ ಪಾರ್ಕಿಗೆ ಜಾಗ ಬಿಡಬೇಕು. "ಯಾವ ಕಡೆ ಬಿಡ್ಲಿ, ನೀವೇ ಹೇಳಿ" ಎಂದು ಅವರೇ ನಮ್ಮನ್ನು ಕರೆದಿದ್ದರು. ಎಲ್ಲರೂ ದಿಬ್ಬದ ಮೇಲಿನ ಸಿಲ್ವರ್ ಓಕ್ ಸಾಲನ್ನೇ ತೋರಿಸಿದರು. ತೋಟದ ಕಡೆಯವರಿಗೆ ಎತ್ತರದ ಮರ ಇದ್ದರೇನೇ ಹಸಿರು. ನಾನೊಬ್ಬನೇ ಕೆಳಗಿನ ಹಡ್ಲು ಉಳಿಸಿ ಎಂದಿದ್ದೆ. ಹುಲ್ಲು, ಕೆಸ, ಕಪ್ಪೆ ಬಿಟ್ಟರೆ ಏನೂ ಇಲ್ಲದ ಜೌಗು ನೆಲ ಅದು. ಅದರ ಕೆಳಗೇ ನಮ್ಮ ಬೀದಿಯ ಬಾವಿ. ಹಡ್ಲಿಗೆ ಮಣ್ಣು ತುಂಬಿದರೆ ಬಾವಿಯ ಗತಿಯೇನು? ಇದನ್ನು ಬಿಡಿಸಿ ಹೇಳಹೋದರೆ ನನಗೆ ಮಾತಿಗಿಂತ ಮೊದಲು ಸಿಟ್ಟು ಬರುತ್ತದೆ.

ಕಾಫಿ ಸಸಿಯ ನರ್ಸರಿ ನಡೆಸುವ ದೀಪಶ್ರೀ ಅಕ್ಕ ನಗಲಿಲ್ಲ. "ಕೂತು ಜಗಳ ಯಾಕೆ? ಮಾರ್ಚ್ ತಿಂಗಳು, ಕಾಫಿ ಅರಳಿಸೋ ಹೂಮಳೆನೂ ಬಿದ್ದಿಲ್ಲ. ನೆಲ ನೋಡೋಕೆ ಇದೇ ಸರಿ. ನಡೀರಿ."

ಸಿಲ್ವರ್ ಓಕ್ ಬುಡದಲ್ಲಿ ಅಕ್ಕ ಮಣ್ಣು ಕೆದಕಿದರು. ಹುಡಿ ಹಾರಿತು. "ಇದು ನೆರಳಿಗೆ ಅಂತ ನಾವೇ ನೆಟ್ಟಿದ್ದು. ಇನ್ನೊಂದ್ಕಡೆ ನೆಟ್ರೂ ಬರುತ್ತೆ. ಹಡ್ಲು ನೆಡೋಕಾಗುತ್ತಾ?"

ದಿಬ್ಬ ಇಳಿದು ಹಡ್ಲಿನ ಅಂಚಿಗೆ ಬಂದೆವು. "ಸೊಳ್ಳೆ ಗುಂಡಿಗೆ ಪಾರ್ಕ್ ಅಂತ ಬೋರ್ಡ್ ಹಾಕ್ತೀಯೇನಮ್ಮ?" ಎಂದರು ಏಕಾಂತಪ್ಪನವರು.

"ನಿಮ್ಮನೆ ಹಿಂದಿನ ಡ್ರಮ್ಮಲ್ಲಿರೋಷ್ಟು ಸೊಳ್ಳೆ ಇಲ್ಲಿಲ್ಲ. ಇಲ್ಲಿ ಸೊಳ್ಳೆ ತಿನ್ನೋಕೆ ಕಪ್ಪೆ ಇವೆ" ಎಂದರು ಅಕ್ಕ.

ಏಕಾಂತಪ್ಪನವರು ಗೊಣಗುತ್ತಲೇ ಹಡ್ಲಿಗೆ ಇಳಿದರು. ಕಾಲು ಹೂತಿತು. ಎತ್ತಿದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಆ ಬೇಸಿಗೆಯಲ್ಲೂ ಹೆಜ್ಜೆಯ ಗುಳಿಯಲ್ಲಿ ನೀರು ಜಿನುಗಿ ತುಂಬಿತು.

"ನೋಡಿ, ಮಳೆಗಾಲದ ನೀರು ಕುಡಿದಿಟ್ಟು ಈಗ ಬಾವಿಗೆ ಬಿಡ್ತಿದೆ. ಇದನ್ನ ಮುಚ್ಚಿದ್ರೆ ಜುಲೈನಲ್ಲಿ ನೀರು ನಿಮ್ಮ ಅಡುಗೆಮನೆಗೆ. ಮಾರ್ಚಲ್ಲಿ ನೀವು ಟ್ಯಾಂಕರ್ ಹಿಂದೆ" ಎಂದರು ಅಕ್ಕ.

ಏಕಾಂತಪ್ಪನವರ ಮನೆಗೂ ಅದೇ ಬಾವಿ ನೀರು. ಒಂಟಿ ಕಾಲಲ್ಲಿ ನಿಂತೇ "ದಯಾನಂದ್ ಅವ್ರೇ, ಇದನ್ನೇ ಬಿಟ್ಬಿಡಿ" ಎಂದರು. ದಯಾನಂದ ಅವರು ಸರ್ವೆಯರನ್ನು ಕರೆಸಿ ಪ್ಲಾನು ಬದಲಿಸಿದರು. ಹಡ್ಲು ಪಾರ್ಕಾಯಿತು. ಆ ಸಂಜೆ ಬಾವಿಗೆ ಕೊಡ ಇಳಿಸಿದಾಗ ಎದೆ ಹಗುರಾಯಿತು.

ನಿಮ್ಮ ಪೇಟೆಯ ಅಂಚಿನಲ್ಲೂ ಲೇಔಟ್ ಬರಬಹುದು. ಸೈಟಿನ ಗಡಿಕಲ್ಲು ನೆಡುವ ಮೊದಲು, ಬೇಸಿಗೆಯಲ್ಲಿ, ಆ ನೆಲದ ಮೇಲೆ ನಡೆದು ನೋಡಿ. ಸುತ್ತ ಎಲ್ಲ ಒಣಗಿದಾಗಲೂ ಎಲ್ಲಿ ಹಸಿಯಿದೆ? ಬಾವಿಯ ಮೇಲ್ಗಡೆ ಏನಿದೆ? ಅದನ್ನು ಉಳಿಸಿ ಎಂದು ಪಂಚಾಯ್ತಿಗೆ ಆಗಲೇ ಬರೆದು ಕೊಡಿ. ಜೆಸಿಬಿ ಬಂದ ಮೇಲೆ ಕೇಳುವವರಿಲ್ಲ.

ಹಡ್ಲಿಗೆ ಬೇಲಿ ಹಾಕುವ ದಿನ ಏಕಾಂತಪ್ಪನವರು ಎಲ್ಲರೆದುರೇ ಕೇಳಿದರು: "ಇನ್ನೂ ಸಿಟ್ಟೇನೋ ಜುನೈದ್?"

ನಾನು ಬೇಲಿ ಗೂಟ ಹೆಗಲಿಗೇರಿಸಿ ಹಡ್ಲಿನ ಕಡೆ ನಡೆದೆ.