ಪ್ರಾರ್ಥನೆ ಪೆಟ್ಟಿಗೆಯ ಕಂದು ಚೀಟಿ

ನಮ್ಮ ಚರ್ಚಿನಲ್ಲಿ ನನ್ನನ್ನು ಎಲ್ಲರೂ ಆಮೆನ್ ಅಕ್ಕ ಅಂತ ಕರೆಯುತ್ತಾರೆ. ತಮಾಷೆಗೆ ಇಟ್ಟ ಹೆಸರು, ನಾನು ಮಾತ್ರ ಬಿರುದು ಅಂತಲೇ ತಿಳಿದಿದ್ದೆ. ಮೊಬೈಲಿನಲ್ಲಿ ಇನ್ನೂರ ಹನ್ನೆರಡು ಜನರ ಪ್ರಾರ್ಥನೆ ಗುಂಪು ನಡೆಸುವುದೆಂದರೆ ಹುಡುಗಾಟವೇ? ಬೆಳಗಾದರೆ ಸಾಕು, ಯಾರಿಗೋ ಹೆರಿಗೆ, ಯಾರಿಗೋ ಪರೀಕ್ಷೆ, ಯಾರದೋ ಮಂಡಿನೋವು. ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಫೋನು ಕೆಳಗಿಟ್ಟವಳಲ್ಲ. ಮಧ್ಯೆ ಯಾರಾದರೂ ಮಾತಾಡಿಸಲು ಬಂದರೆ ಕಣ್ಣು ಮುಚ್ಚಿಕೊಂಡೇ ಅಂಗೈ ಎತ್ತಿ ತಡೆಯುತ್ತಿದ್ದೆ. ಯಾರಾದರೂ ಎಂದರೆ ಇನ್ಯಾರು, ಮನೆಯಲ್ಲಿ ಇರುವುದು ನಾವಿಬ್ಬರೇ, ನಾನು ಮತ್ತು ನನ್ನ ಗಂಡ.

ಇವರು ಟೇಲರ್. ಕೆಳಗೆ ಅಂಗಡಿ, ಮೇಲೆ ಮನೆ, ಮಧ್ಯೆ ಹದಿಮೂರು ಮೆಟ್ಟಿಲು. ಮಾತು ಕಡಿಮೆ. ನಾನು ಇಬ್ಬರ ಪಾಲಿನದನ್ನೂ ಆಡುತ್ತಿದ್ದೆನಲ್ಲ, ಅವರಿಗೆ ಉಳಿಯುವುದಾದರೂ ಏನು?

ಚರ್ಚಿನ ಬಾಗಿಲ ಬಳಿ ಒಂದು ಮರದ ಪೆಟ್ಟಿಗೆ ಇದೆ. ಕಷ್ಟದಲ್ಲಿರುವವರು ಚೀಟಿ ಬರೆದು ಅದರೊಳಗೆ ಹಾಕುತ್ತಾರೆ. ಹೆಸರು ಬರೆಯುವ ಹಾಗಿಲ್ಲ. ಆ ನಿಯಮ ಮಾಡಿಸಿದವಳು ನಾನೇ. ಹಿಂದೊಮ್ಮೆ ಯಾರದೋ ಮನೆಯ ಜಗಳ ಚೀಟಿಯಿಂದ ಬೀದಿಗೆ ಬಂದು ದೊಡ್ಡ ರಾದ್ಧಾಂತವಾಗಿತ್ತು. ಕಷ್ಟ ಯಾರದೆಂದು ದೇವರಿಗೆ ಗೊತ್ತಿದ್ದರೆ ಸಾಕು, ನಮಗೇಕೆ ಅಂದಿದ್ದೆ. ಪ್ರತಿ ಭಾನುವಾರ ಪಾಸ್ಟರ್ ಹೆಂಡತಿ ಚೀಟಿಗಳನ್ನು ತೆಗೆದು, ಮೊಬೈಲಿನಲ್ಲಿ ಟೈಪ್ ಮಾಡಿ ನನಗೆ ಕಳಿಸುತ್ತಾರೆ. ಹಾಗಾಗಿ ಯಾವ ಚೀಟಿಯನ್ನೂ ನಾನು ಕಣ್ಣಾರೆ ನೋಡಿದ್ದಿಲ್ಲ.

ಮೂರು ತಿಂಗಳ ಹಿಂದೆ ಹಾಗೊಂದು ಕೋರಿಕೆ ಬಂತು. ಊಟ ಗಂಟಲಲ್ಲಿ ಇಳಿಯುತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ, ಪ್ರಾರ್ಥಿಸಿ ಅಂತ. ನನಗೋ ಮೂಗಿನ ತುದಿಯಲ್ಲೇ ಕೋಪ. ದಿನಾ ಬಡಿಸುವವಳಿಗೆ ಗಂಡ ತಿಂದನೋ ಬಿಟ್ಟನೋ ಗೊತ್ತಾಗದಿದ್ದರೆ ಅವಳೆಂಥ ಹೆಂಡತಿ ಎಂದು ಗುಂಪಿನಲ್ಲೇ ಆಡಿಬಿಟ್ಟೆ. ಆಮೇಲೆ ಆ ಪುಣ್ಯಾತ್ಗಿತ್ತಿಯ ಕಣ್ಣು ತೆರೆಯಲಿ ಎಂದು ಅಳುತ್ತಾ ಅರ್ಧ ಗಂಟೆ ಪ್ರಾರ್ಥನೆ ಮಾಡಿದೆ. ಕಳೆದ ತಿಂಗಳು ಇನ್ನೊಂದು ಬಂತು. ಆಪರೇಷನ್ ಆಗಬೇಕಂತೆ, ಹನ್ನೆರಡನೇ ತಾರೀಕು ಮನೆಯವರೊಬ್ಬರು ಬಂದು ಸಹಿ ಹಾಕಬೇಕಂತೆ. ನಾನು ಮೂರು ದಿನದ ಉಪವಾಸಕ್ಕೆ ಕರೆ ಕೊಟ್ಟೆ. ಇನ್ನೂರು ಆಮೆನ್ ಬಂದವು. ಮನಸ್ಸು ತುಂಬಿತು.

ಹೋದ ಶನಿವಾರ ಮೊಬೈಲ್ ಟವರಿಗೆ ಸಿಡಿಲು ಹೊಡೆಯಿತು. ಸರಿಯಾಗಲು ಒಂದು ವಾರ ಬೇಕು ಅಂದರು. ನನಗೆ ಕೈ ಮುರಿದ ಹಾಗಾಯಿತು. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಲು ಬೇರೇನೂ ಇಲ್ಲದೆ ಇವರನ್ನೇ ನೋಡಿದೆ. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಚಮಚದಲ್ಲಿ ಚೂರೇ ಚೂರು ಬಾಯಿಗಿಟ್ಟು, ನೀರು ಕುಡಿದು, ಕಣ್ಣು ಮುಚ್ಚಿ ನುಂಗುತ್ತಿದ್ದರು. ಏನ್ರೀ ಇದು ಅಂದೆ. ಹಲ್ಲುನೋವು ಅಂದರು. ನಂಬಿದೆ. ಎದ್ದು ನಿಂತಾಗ ಪ್ಯಾಂಟಿನ ಸೊಂಟಕ್ಕೆ ಹೊಸ ಹೊಲಿಗೆ ಬಿದ್ದದ್ದು ಕಂಡಿತು. ಹೊಟ್ಟೆ ಕರಗಿಸಿ ಮದುಮಗನ ಹಾಗೆ ಆಗಿದ್ದೀರಲ್ಲ ಎಂದು ರೇಗಿಸಿದೆ. ಅವರು ನಕ್ಕು ಅಂಗಡಿಗೆ ಇಳಿದು ಹೋದರು.

ಸೋಮವಾರ ಸುಮ್ಮನಿರಲಾರದೆ ಪಾಸ್ಟರ್ ಮನೆಗೆ ಹೋದೆ. ಮೊಬೈಲಿನಲ್ಲಿ ಕಳಿಸಲಾಗದಿದ್ದರೆ ಚೀಟಿಗಳನ್ನೇ ಕೊಡಿ, ನಾನೊಬ್ಬಳೇ ಪ್ರಾರ್ಥಿಸುತ್ತೇನೆ ಅಂದೆ. ಪಾಸ್ಟರ್ ಹೆಂಡತಿ ಆ ವಾರದ ಚೀಟಿಗಳ ಜೊತೆ ಹಳೆಯವನ್ನು ತುಂಬಿಟ್ಟ ಬಿಸ್ಕತ್ತು ಡಬ್ಬಿಯನ್ನೂ ಕೊಟ್ಟರು. ಮನೆಗೆ ತಂದು ಮೊದಲು ಆ ವಾರದವನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದೆ.

ಒಂದು ಚೀಟಿ ಕಂದು ಕಾಗದದ್ದು. ಬಟ್ಟೆಯ ಮೇಲಿಟ್ಟು ಕತ್ತರಿಸಲು ಅಳತೆ ತೆಗೆಯುವ ಕಾಗದ. ನೀಲಿ ಪೆನ್ಸಿಲಿನ ಅಕ್ಷರ. ಮೂವತ್ತೊಂದು ವರ್ಷದಿಂದ ನೋಡಿದ ಅಕ್ಷರ.

'ಹೆಂಡತಿಗೆ ಒಂದು ಗಂಟೆ ಬಿಡುವು ಸಿಗಲಿ ಎಂದು ಪ್ರಾರ್ಥಿಸಿ.'

ಮೊದಲು ಬಂದದ್ದು ಕೋಪ, ಸುಳ್ಳೇಕೆ ಹೇಳಲಿ. ಮೈಯೆಲ್ಲ ಉರಿದುಹೋಯಿತು. ನನ್ನ ಮೇಲಿನ ದೂರನ್ನು ಚರ್ಚಿನ ಪೆಟ್ಟಿಗೆಗೆ ಹಾಕುವುದೇ? ಪಾಸ್ಟರ್ ಹೆಂಡತಿ ಓದಿ ಎಷ್ಟು ನಕ್ಕರೋ! ಕೆಳಗೆ ಹೋಗಿ ಚೆನ್ನಾಗಿ ಚಳಿ ಬಿಡಿಸಬೇಕೆಂದು ಎದ್ದವಳು ಚೀಟಿ ತಿರುಗಿಸಿದೆ. ಹಿಂದೆ ಅಳತೆ ಬರೆದಿತ್ತು. ಸೊಂಟ ಮೂವತ್ತಾರು, ಹೊಡೆದುಹಾಕಿ ಮೂವತ್ತನಾಲ್ಕು, ಅದನ್ನೂ ಹೊಡೆದುಹಾಕಿ ಮೂವತ್ತೆರಡು. ಪಕ್ಕದಲ್ಲಿ ಗಿರಾಕಿಯ ಹೆಸರಿನ ಜಾಗದಲ್ಲಿ 'ನನ್ನದು' ಅಂತ.

ಬಿಸ್ಕತ್ತು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಕೆದಕಿದೆ. ಕಂದು ಕಾಗದದ ಇನ್ನೆರಡು ಚೀಟಿ ಸಿಕ್ಕವು, ಅದೇ ನೀಲಿ ಪೆನ್ಸಿಲು. ಒಂದರಲ್ಲಿ ಊಟ ಇಳಿಯುತ್ತಿಲ್ಲ ಎಂದಿತ್ತು. ಇನ್ನೊಂದರಲ್ಲಿ ಹನ್ನೆರಡನೇ ತಾರೀಕು.

ಹನ್ನೆರಡಕ್ಕೆ ನಾನೇನು ಮಾಡುತ್ತಿದ್ದೆ? ಇದೇ ಕುರ್ಚಿಯಲ್ಲಿ ಕೂತು ಆ ಸಹೋದರನಿಗಾಗಿ ಉಪವಾಸ ಮಾಡುತ್ತಿದ್ದೆ. ಇವರು ಬೆಳಿಗ್ಗೆ ಬಾಗಿಲಲ್ಲಿ ನಿಂತು ಏನೋ ಹೇಳಲು ಬಂದಿದ್ದರು. ನಾನು ಅಂಗೈ ಎತ್ತಿದ್ದೆ. ಇನ್ನೂರು ಜನ ಆಮೆನ್ ಅಂದರು, ಒಬ್ಬರೂ ಹೋಗಿ ಸಹಿ ಹಾಕಲಿಲ್ಲ. ಅಯ್ಯೋ ಯೇಸುವೇ, ಮನುಷ್ಯ ನನ್ನೆದುರು ಬಂದು ನಿಂತಿದ್ದರೂ ನಾನು ಕಣ್ಣು ಮುಚ್ಚಿಕೊಂಡು ನಿನ್ನನ್ನು ಎಲ್ಲಿ ಹುಡುಕುತ್ತಿದ್ದೆ?

ಹದಿಮೂರು ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಇವರು ಯಾರದೋ ಶರಟಿಗೆ ಗುಂಡಿ ಹಾಕುತ್ತಿದ್ದರು. ಮೂರೂ ಚೀಟಿಗಳನ್ನು ಮಷಿನ್ನಿನ ಮೇಲಿಟ್ಟೆ. ಅವರು ದಾರ ಕಚ್ಚಿ ತುಂಡು ಮಾಡಿ ಸೂಜಿಯನ್ನು ಪಕ್ಕಕ್ಕಿಟ್ಟರು.

"ಹೇಳೋಕೆ ಬಂದಾಗೆಲ್ಲ ನೀನು ಪ್ರಾರ್ಥನೇಲಿ ಇರ್ತಿದ್ದೆ. ಆ ಪೆಟ್ಟಿಗೆಗೆ ಹಾಕಿದ್ರೆ ನಿನಗೆ ಮುಟ್ಟುತ್ತೆ ಅಂತ ಗೊತ್ತಿತ್ತು."

"ಹನ್ನೆರಡಕ್ಕೆ ಹೋಗಿದ್ರಾ?"

"ಹೋಗಿದ್ದೆ. ಮನೆಯವರಿಲ್ಲದೆ ಆಗಲ್ಲ ಅಂದ್ರು. ವಾಪಸ್ ಬಂದು ಪ್ಯಾಂಟಿನ ಸೊಂಟ ಬಿಗಿ ಮಾಡ್ಕೊಂಡೆ."

ಅವರೇ ಸಮಾಧಾನ ಮಾಡುವವರ ಹಾಗೆ ಹೇಳಿದರು.

"ಮೊದಲನೇ ಚೀಟಿ ಹಾಕಿದಾಗ ನೀನು ನನಗೋಸ್ಕರ ಅತ್ತಿದ್ದು ಇಲ್ಲಿಗೆ ಕೇಳಿಸ್ತಾ ಇತ್ತು ಕಣೇ. ಮಷಿನ್ ನಿಲ್ಲಿಸಿ ಕೇಳ್ತಾ ಕೂತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಗಡಿಯ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕುಸಿದು ಕೂತೆ. ಅಳುವೂ ಬರಲಿಲ್ಲ, ಪ್ರಾರ್ಥನೆಯೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಫೈಲಿನ ತಾರೀಕು ನೋಡಿ, ಇಷ್ಟು ದಿನ ಯಾಕೆ ಬಿಟ್ಟಿರಿ ಎಂದು ಕೇಳಿದರು. ಇವರು ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು ಅಂದರು. ತಡವಾಗಿದೆ, ಆದರೂ ಮಾಡೋಣ, ತೆರೆದು ನೋಡದೆ ಏನೂ ಹೇಳಲಾಗದು ಎಂದು ಡಾಕ್ಟರು ನನ್ನ ಕಡೆ ನೋಡದೆ ಹೇಳಿದರು.

ನರ್ಸ್ ಒಪ್ಪಿಗೆ ಕಾಗದವನ್ನು ನನ್ನ ಮುಂದೆ ಸರಿಸಿ, ಇವರಿಗೆ ನೀವು ಏನಾಗಬೇಕು ಎಂದು ಕೇಳಿದಳು. ಕಂಡವರಿಗಾಗಿ ಅರ್ಧ ಗಂಟೆ ಎಡೆಬಿಡದೆ ಪ್ರಾರ್ಥಿಸುವ ನನ್ನ ನಾಲಿಗೆಗೆ ಆ ಒಂದು ಮಾತು ಸಿಗಲಿಲ್ಲ. ಇವರು ನನ್ನ ಕೈಗೆ ಪೆನ್ನು ಕೊಟ್ಟು ನರ್ಸ್ ಕಡೆ ತಿರುಗಿದರು.

"ನನ್ನ ಹೆಂಡ್ತಿ," ಅಂದರು. "ಬಂದಿದ್ದಾಳೆ."